ಸವೆದ ಅಟ್ಟೆಯ ಸಾಕ್ಷಿ

ಮನೆಗೊಬ್ಬ ಓಟಗಾರನಿರುವ ಇಟೆನ್ ಊರಿನಲ್ಲಿ ಓಡಲು ಬಾರದ ಗಂಡಸಾಗಿ ಹುಟ್ಟುವುದೆಂದರೆ ಪೂರ್ವಜನ್ಮದ ಪಾಪವೇ ಸರಿ. ಕಿಮಾಯೊ ಹಾಗೆ ಹುಟ್ಟಿದ್ದ. ಸಾಲದ್ದಕ್ಕೆ ಅವನು ಕಟ್ಟಿಕೊಂಡಿದ್ದು ಜೆರೋನೊಳನ್ನು. ಅವಳು ಒಂದು ಕಾಲಕ್ಕೆ ದೇಶದೇಶಗಳಲ್ಲಿ ಓಡಿ ಪದಕ ತಂದವಳು. ಬೇರೆ ಊರುಗಳಲ್ಲಿ ಹೆಂಡತಿಗೆ ಕೋಪ ಬಂದರೆ ಗಂಡ ಓಡಿಯಾದರೂ ತಪ್ಪಿಸಿಕೊಳ್ಳಬಹುದು. ಕಿಮಾಯೊಗೆ ಆ ಭಾಗ್ಯವೂ ಇರಲಿಲ್ಲ.

ಸಕ್ಕರೆ ಕಾಯಿಲೆ ಶುರುವಾಗಿದೆ, ಬೆಳಗ್ಗೆ ಓಡಬೇಕು ಎಂದು ಡಾಕ್ಟರು ಹೇಳಿದ ದಿನವೇ ಜೆರೋನೊ ಗಂಡನಿಗೆ ಶೂ ತಂದುಕೊಟ್ಟಳು. ಅಂದಿನಿಂದ ಶೂಗಳು ಓಡಿದವು, ಕಿಮಾಯೊ ಓಡಲಿಲ್ಲ. ಮುಂಜಾನೆ ರಸ್ತೆಯ ತಿರುವಿನ ಚಹಾದಂಗಡಿಗೆ ಹೋಗಿ, ಶೂ ಬಿಚ್ಚಿ ಪಕ್ಕದ ಮನೆಯ ಕೋರೊಸನಿಗೆ ಕೊಟ್ಟು, ಎಣ್ಣೆಯಿಂದ ಆಗಷ್ಟೇ ತೆಗೆದ ಬಿಸಿ ಸಿಹಿ ಮಂದಾಜಿಯ ಮುಂದೆ ಕೂರುತ್ತಿದ್ದ. ಕೋರೊಸ್ ಜಿಂಕೆಯಂತೆ ಓಡುವವನು, ಆದರೆ ಸ್ವಂತ ಶೂ ಇಲ್ಲದವನು. ಅವನು ಗುಡ್ಡ ಸುತ್ತಿ ಬಂದು ಶೂಗಳನ್ನು ಬೆವರಿನ ಸಮೇತ ಹಿಂತಿರುಗಿಸುತ್ತಿದ್ದ. (ಬೆವರಿಗೆ ಬೇರೆ ದುಡ್ಡಿಲ್ಲ.)

ಮಳೆಗಾಲ ಮುಗಿದ ಮೇಲೆ ಒಂದು ಬೆಳಗ್ಗೆ ಜೆರೋನೊ ಆ ಶೂಗಳನ್ನು ಕೈಗೆತ್ತಿಕೊಂಡಳು.

"ಅಟ್ಟೆ ಸವೆದೇ ಹೋಗಿದೆಯಲ್ರೀ. ನಡೀರಿ, ಸಂತೆಗೆ ಹೋಗಿ ಬೇರೆ ತರೋಣ. ಈ ಸಲ ನಿಮ್ಮ ಹೆಜ್ಜೆಗೆ ಹೊಂದೋದೇ ಬೇಕು."

"ಯಾಕೆ ಸುಮ್ನೆ? ಇನ್ನೂ ಗಟ್ಟಿಯಾಗಿದೆ ಕಣೆ."

"ಬನ್ನಿ ಅಂದ್ರೆ ಬರಬೇಕು."

ಆ ಊರಿನಲ್ಲಿ ಹೊಸ ಶೂ ಕೊಳ್ಳುವಾಗ ಮೊದಲು ಹಳೆಯದನ್ನು ತೋರಿಸಬೇಕು. ಅಟ್ಟೆ ಎಲ್ಲಿ ಸವೆದಿದೆ ಎಂದು ನೋಡಿ, ಹೆಜ್ಜೆ ಯಾವ ಕಡೆ ವಾಲುತ್ತದೆ ಎಂದು ಹೇಳಿಬಿಡುತ್ತಾರೆ. ಸಂತೆಯವರೆಗೂ ಕಿಮಾಯೊ ದೇವರನ್ನು ನೆನೆಯುತ್ತಲೇ ನಡೆದ.

ತಾಡಪತ್ರಿಯ ಮೇಲೆ ಹಳೆ ಶೂಗಳ ರಾಶಿ ಹಾಕಿಕೊಂಡಿದ್ದ ಮುದುಕಿ ತಪ್ಕಿಗೆನ್ ಅಟ್ಟೆಯನ್ನು ತಿರುಗಿಸಿ, ಉಗುರಿನಿಂದ ಕೆರೆದು ನೋಡಿದಳು.

"ಮುಂಗಾಲಿನ ಹೊರಗಡೆ ಸವೆದಿದೆ. ಹಿಮ್ಮಡಿ ನೆಲ ಮುಟ್ಟಿದ್ದೇ ಕಾಣೆ. ಪಕ್ಕಾ ಓಟಗಾರನ ಹೆಜ್ಜೆ. ಯಾರ ಕಾಲೇ ಇದು ಜೆರೋನೊ?"

"ನಮ್ಮ ಯಜಮಾನರದು."

ಮುದುಕಿ ಯಜಮಾನರ ಹೊಟ್ಟೆ ನೋಡಿದಳು, ಅಟ್ಟೆ ನೋಡಿದಳು, ಮತ್ತೆ ಹೊಟ್ಟೆ ನೋಡಿದಳು. "ಆ ಕಂಬದ ತನಕ ಓಡಿ ಬಾರಪ್ಪ."

ಅಲ್ಲಿ ಯಾರಾದರೂ ಓಡಿದರೆ ಇಡೀ ಸಂತೆ ವ್ಯಾಪಾರ ನಿಲ್ಲಿಸಿ ನೋಡುತ್ತದೆ. ಈರುಳ್ಳಿ ಮಾರುವವರೂ ಓಟದ ಪಂಡಿತರೇ. ಕಿಮಾಯೊ ಕೋರೊಸನ ಹಾಗೆ ತುದಿಗಾಲಲ್ಲಿ ಓಡಲು ಹೋದ. ಹಿಮ್ಮಡಿ ಕೇಳಲಿಲ್ಲ, ಧಪಧಪ ಬಡಿಯಿತು. ಕಂಬವನ್ನು ಮೊದಲು ಹೊಟ್ಟೆ ಮುಟ್ಟಿತು, ಆಮೇಲೆ ಅವನು ಮುಟ್ಟಿದ. ವಾಪಸ್ಸು ಬಂದವನು ಏದುಸಿರು ಬಿಡುತ್ತ, ಹೆಂಡತಿಯ ಮುಖ ನೋಡುವ ಧೈರ್ಯವಿಲ್ಲದೆ ಕಣ್ಣು ಮುಚ್ಚಿಕೊಂಡು ನಿಂತ.

"ಕಳ್ಳ," ಎಂದಳು ಮುದುಕಿ.

ಕಿಮಾಯೊ ಒಂದು ಹೆಜ್ಜೆ ಹಿಂದೆ ಸರಿದ.

"ಎಂಥಾ ಕಳ್ಳ ನೋಡ್ರೇ ಇವನು. ಪಂದ್ಯಕ್ಕೆ ಮುಂಚೆ ನಿಜವಾದ ಓಟ ಯಾರಿಗೂ ತೋರಿಸಲ್ಲ. ದೊಡ್ಡ ದೊಡ್ಡ ಓಟಗಾರರೆಲ್ಲ ಹಿಂಗೇ ಕುಂಟಿಕೊಂಡು ತಿರುಗೋದು."

"ಮತ್ತೇನು, ಅಟ್ಟೆ ಸುಳ್ಳು ಹೇಳುತ್ತಾ?" ಎಂದಳು ಈರುಳ್ಳಿಯವಳು. ಸುತ್ತ ನಿಂತವರೆಲ್ಲ ತಲೆಯಾಡಿಸಿದರು, ಅವರಲ್ಲಿ ಕೋರೊಸನೂ ಇದ್ದ. ಜೆರೋನೊಳ ಕಣ್ಣು ಹೆಮ್ಮೆಯಿಂದ ತುಂಬಿ ಬಂತು.

ಆ ಕಣ್ಣೀರು ನೋಡಿ ಕಿಮಾಯೊಗೆ ಬೈಗುಳಕ್ಕಿಂತ ಹೆಚ್ಚು ಭಯವಾಯಿತು. "ಅದು ನಾನಲ್ಲ ಕಣೆ," ಎಂದು ಬಾಯಿಬಿಟ್ಟೇಬಿಟ್ಟ. "ಓಡಿದ್ದೆಲ್ಲ ಕೋರೊಸ್. ಬೇಕಾದ್ರೆ ಕೇಳು, ಅಗೋ ಅಲ್ಲೇ ನಿಂತಿದ್ದಾನೆ."

ಕೋರೊಸ್ ಒಮ್ಮೆ ಜೆರೋನೊಳನ್ನು, ಒಮ್ಮೆ ರಾಶಿಯಲ್ಲಿದ್ದ ಶೂಗಳನ್ನು ನೋಡಿದ. ನಿಜ ಹೇಳಿದರೆ ನಾಳೆಯಿಂದ ಬರಿಗಾಲು ಎಂದು ಅವನಿಗೆ ಗೊತ್ತಿತ್ತು.

"ನಾನಾ? ಅಣ್ಣನ ಹಿಂದೆ ಧೂಳು ಕುಡಿದಿದ್ದೊಂದೇ ನಾನು," ಎಂದ.

"ಮನುಷ್ಯನಿಗೆ ಎಷ್ಟು ವಿನಯ," ಎಂದು ಸಂತೆ ಲೊಚಗುಟ್ಟಿತು.

ತೆಳ್ಳಗೆ ಹಪ್ಪಳದಂತಿದ್ದ, ಹಿಮ್ಮಡಿಯಲ್ಲಿ ಮೆತ್ತೆಯೇ ಇಲ್ಲದ ಶೂಗಳನ್ನು ಮುದುಕಿ ಆರಿಸಿಕೊಟ್ಟಳು. ದಾರಿಯಲ್ಲಿ ಜೆರೋನೊ, ಮದುವೆಯ ಹೊಸತರಲ್ಲಿ ಹಿಡಿದಂತೆ, ಗಂಡನ ಕೈ ಹಿಡಿದುಕೊಂಡಳು.

"ನಾಳೆಯಿಂದ ನಾನೂ ನಿಮ್ಮ ಜೊತೆ ಬರ್ತೀನಿ ರೀ. ಗುಡ್ಡ ಪೂರ್ತಿ ಸುತ್ತೋಣ," ಎಂದಳು. "ಆದ್ರೆ ನಂಗೂ ವಯಸ್ಸಾಯ್ತು. ನನ್ನ ಬಿಟ್ಟು ಮುಂದೆ ಓಡಿ ಹೋಗ್ಬೇಡಿ."