ಮೆದುಳಿನ ಗಡಿಯಾರ ನಂಬಿ ಕೆಟ್ಟೆ

ಬೆಳಿಗ್ಗೆ ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯ ಮನೆ ಬಿಟ್ಟು, ರೈಲು ಹತ್ತಿ, ವಡೋದರಾದ ಗೋರ್ವಾದಲ್ಲಿರುವ ನಮ್ಮ ಬ್ಯಾಂಕಿಗೆ ಹೋಗಿ ಸಂಜೆ ಮರಳುವ ನನ್ನಂಥವರಿಗೆ ಇಲ್ಲಿ ‘ಅಪ್‌ಡೌನ್‌ವಾಲಾ’ ಎಂಬ ಬಿರುದಿದೆ. ರೈಲು ಹೊರಟೊಡನೆ ನನಗೆ ನಿದ್ದೆ. ವಡೋದರಾ ಬರುವ ಮುಂಚೆ ಎಚ್ಚರ. ಒಂದು ದಿನವೂ ತಪ್ಪಿದ್ದಿಲ್ಲ!

“ಮೊಬೈಲಿನ್ಯಾಗ ಅಲಾರಂ ಇಟಗೋರಿ. ಅಪ್ಪಿತಪ್ಪಿ ಮುಂದ ಹೋದ್ರ?” ಎಂದಳು ಹೆಂಡತಿ ಸುಮಾ.

“ಅಲಾರಂ? ನನಗ? ಮನುಷ್ಯಾನ ಮೆದುಳಿನ್ಯಾಗ ಒಂದು ಗಡಿಯಾರ ಅದ. ಕಣ್ಣಿಗೆ ಬೆಳಕು ಬಿದ್ರ ಎಚ್ಚರ, ಕತ್ತಲಾದ್ರ ನಿದ್ದಿ. ನಂದಂತೂ ಸ್ಟೇಷನ್ನಿನ ಹೆಸರೂ ಕಲತದ!”

“ರಾತ್ರಿ ಮೊಬೈಲ್ ನೋಡಿದ್ರ ಆ ಗಡಿಯಾರ ಕೆಡತದಂತಲ್ರೀ?”

ಆ ವಿಷಯ ನಾನು ಓದಿ ಹೇಳಿದ್ದೇ. ಓದಿದ್ದು ಹಾಸಿಗೆಯಲ್ಲಿ, ಹೊದಿಕೆಯೊಳಗೆ, ಮೊಬೈಲಿನಲ್ಲಿ. ಇರಲಿ.

ಬ್ಯಾಂಕಿನ ತಿಜೋರಿಗೆ ಎರಡು ಕೀಲಿ. ಒಂದು ಹೆಡ್ ಕ್ಯಾಶಿಯರ್ ಹೇತಲ್‌ಬೆನ್ ಹತ್ತಿರ, ಇನ್ನೊಂದು ನನ್ನ ಜೇಬಿನಲ್ಲಿ. ಎರಡೂ ಕೂಡದೆ ತಿಜೋರಿ ತೆರೆಯದು. ಅವತ್ತು ಪಿಂಚಣಿಯ ದಿನ ಬೇರೆ!

ರೈಲು ಹತ್ತಿದೆ, ಮಲಗಿದೆ. ಕಣ್ಣು ಬಿಟ್ಟಾಗ ಮೈಯೆಲ್ಲ ಹಗುರ, ಭರ್ಜರಿ ನಿದ್ದೆ! ಕಿಟಕಿಯಾಚೆ ಬೋರ್ಡು ಮೂರು ಭಾಷೆಗಳಲ್ಲಿ ‘ಸೂರತ್’ ಎನ್ನುತ್ತಿತ್ತು. ಮೂರೂ ತಪ್ಪಿರಲಾರವು.

ಥೂ ನನ್ನ! ಚೀಲ ಹಿಡಿದು ಪ್ಲಾಟ್‌ಫಾರ್ಮಿಗೆ ಹಾರಿದೆ. ಅಷ್ಟರಲ್ಲಿ ಹೇತಲ್‌ಬೆನ್ ಫೋನು.

“ಸಾಹೇಬ್, ಎಲ್ಲಿದ್ದೀರಿ? ಅಜ್ಜ-ಅಜ್ಜಿಯರ ಸಾಲು ಬೀದಿಗೆ ಬಂದಿದೆ. ಒಬ್ಬ ಕಾಕಾ ಕೋಲು ಕುಟ್ಟುತ್ತಿದ್ದಾರೆ!”

“ದಾರಿಯಲ್ಲಿದ್ದೇನೆ” ಎಂದೆ. ಯಾವ ದಾರಿಯೆಂದು ಹೇಳಲಿಲ್ಲ. ಅದನ್ನು ಸೂರತ್ ಸ್ಟೇಷನ್ನಿನ ಧ್ವನಿವರ್ಧಕ ಹೇಳಿಬಿಟ್ಟಿತು.

ವಾಪಸು ರೈಲಿಗೆ ಕಾಯುತ್ತಿರುವಾಗ ದಿನಾ ನನ್ನ ಪಕ್ಕ ಕೂರುವ ಅಪ್‌ಡೌನ್ ಮಿತ್ರ ಜಿಗ್ನೇಶ್‌ಭಾಯಿ ಫೋನ್ ಮಾಡಿದ. ತಂಗಿಯ ಮದುವೆಗೆಂದು ರಜೆ ಹಾಕಿದ್ದನಂತೆ.

“ಸಾಹೇಬ್, ಇವತ್ತು ನಿಮ್ಮನ್ನು ಯಾರು ಎಬ್ಬಿಸಿದರು?”

“ಎಬ್ಬಿಸುವುದೇ? ನಾನೇ ಏಳುತ್ತೇನಲ್ಲ!”

“ಅರೆ! ಮಹಿ ನದಿಯ ಸೇತುವೆ ದಾಟಿದೊಡನೆ ದಿನಾ ಮೊಣಕೈಯಿಂದ ತಿವಿಯುವುದು ನಾನು! ನಿಮ್ಮ ತಲೆ ನನ್ನ ಹೆಗಲ ಮೇಲಿರುತ್ತದೆ. ಎಬ್ಬಿಸದೆ ನಾನಾದರೂ ಹೇಗೆ ಇಳಿಯಲಿ?”

ಮಧ್ಯಾಹ್ನ ಬ್ಯಾಂಕು ತಲುಪಿದಾಗ ಕಾಕಾನ ಕೋಲಿಗೂ ನನ್ನ ಬೆನ್ನಿಗೂ ನಡುವೆ ನಿಂತದ್ದು ಹೇತಲ್‌ಬೆನ್ ಒಬ್ಬರೇ. ಅವರೂ ಒಲ್ಲದ ಮನಸ್ಸಿನಿಂದಲೇ ನಿಂತಿದ್ದರು.

ಸಂಜೆ ಸುಮಾ ಬಾಗಿಲಲ್ಲೇ ಕೇಳಿದಳು: “ಏನಂತದರಿ ನಿಮ್ಮ ಗಡಿಯಾರ?”

“ತಂಗೀ ಮದವಿಗೆ ಹೋಗೇದ” ಎಂದೆ. “ಗುರುವಾರ ಡ್ಯೂಟಿಗೆ ಬರತದ. ಅಲ್ಲೀತನಕ ಅಲಾರಂ ಇಡು.”