ಆರ್ಗನ್ನಿನ ಹಿಂದಿನ ನಿದ್ದೆ

ಆ ಆಂಗ್ಲಿಕನ್ ಚರ್ಚಿನ ಆರ್ಗನ್ನಿಗೆ ಕರೆಂಟಿನ ಮೋಟಾರು ಕೂರಿಸಬೇಕೆಂಬ ಮಾತು ಎದ್ದದ್ದೇ ತಡ, ತಿದಿಯಪ್ಪನ ನೆಮ್ಮದಿಗೆ ಕಲ್ಲು ಬಿತ್ತು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಪೆಟ್ಟಿಗೆಗಳಲ್ಲಿ ಹಡಗೇರಿ ಬಂದ ವಾದ್ಯ ಅದು. ಇಳಿಸುವಾಗ ಒಂದು ಪೆಟ್ಟಿಗೆ ನೀರಿಗೆ ಬಿದ್ದಿತ್ತಂತೆ. ಅದರೊಳಗಿದ್ದ ಕೊಳವೆಗಳು ಇಂದಿಗೂ ನೆಗಡಿ ಹಿಡಿದವರಂತೆ ಹಾಡುತ್ತವೆ. ಹಿಂಬದಿಯ ಕತ್ತಲ ಗೂಡಿನಲ್ಲಿ ನಿಂತು, ಮರದ ಹಿಡಿ ಒತ್ತಿ ಒತ್ತಿ ತಿದಿಗೆ ಗಾಳಿ ತುಂಬುವುದು ಇವನ ಮನೆತನದ ಕೆಲಸ. ಅಜ್ಜ ಒತ್ತಿದ, ಅಪ್ಪ ಒತ್ತಿದ, ಈಗ ಇವನು. ಇವನ ನಿಜವಾದ ಹೆಸರು ಕೇಳಿದರೆ ಹೆಂಡತಿಯೂ ತುಸು ಯೋಚಿಸಬೇಕಾಗುತ್ತಿತ್ತು.

ಸಂಬಳ ಅಷ್ಟಕ್ಕಷ್ಟೆ. ಅವನು ಬಿಡಲಾರದ್ದು ಅಲ್ಲಿನ ನಿದ್ದೆಯನ್ನು. ಮನೆಯಲ್ಲಿ ಹೆಂಡತಿಯ ಹೊಲಿಗೆ ಮಿಷನ್ನು, ಅದು ನಿಂತರೆ ಅತ್ತೆಯ ಗೊರಕೆ. ಚರ್ಚಿನಲ್ಲೋ, ಪಾದ್ರಿಗಳ ಪ್ರಸಂಗ, ಅಂದರೆ ಉಪದೇಶ, ಶುರುವಾದರೆ ಆರ್ಗನ್ನಿಗೆ ಬಿಡುವು. ಗಾಳಿ ಎಷ್ಟಿದೆಯೆಂದು ತೋರಿಸಲು ದಾರಕ್ಕೆ ಕಟ್ಟಿದ್ದ ಸೀಸದ ಗುಂಡು ಮೆಲ್ಲಗೆ ಇಳಿಯುತ್ತಿತ್ತು. ಅದನ್ನೇ ನೋಡುತ್ತ ಇವನ ರೆಪ್ಪೆಗಳೂ ಇಳಿಯುತ್ತಿದ್ದವು. ಮುದಿ ತಿದಿ ಮಲಗಿದ ಹಸುವಿನಂತೆ ಉಸಿರು ಬಿಡುತ್ತಿತ್ತು. ಆಗ ಬರುತ್ತಿತ್ತು ಕನಸು: ಕೊಳವೆಗಳೆಲ್ಲ ಬೆಳ್ಳಿಯ ಮರಗಳಾಗಿ, ಅವುಗಳ ನಡುವೆ ಹಡಗೊಂದು ತೇಲಿ, ಅದರ ಹಾಯಿಗೆ ಇವನೇ ಗಾಳಿಯಾಗಿ. ಲೋಕದಲ್ಲಿ ಅವನಿಗೆ ಅದಕ್ಕಿಂತ ಪ್ರಿಯವಾದದ್ದು ಬೇರೊಂದಿರಲಿಲ್ಲ. ಪ್ರಸಂಗ ಮುಗಿದಾಗ ಆರ್ಗನ್ ನುಡಿಸುವ ಟೀಚರಮ್ಮ ಗೂಡಿನ ಹಲಗೆ ತಟ್ಟುತ್ತಿದ್ದರು, ಇವನು ಎದ್ದು ಒತ್ತುತ್ತಿದ್ದ.

ಮೋಟಾರು ಬೇಕೋ ಬೇಡವೋ ಎಂದು ಹೇಳಲು ಆ ಭಾನುವಾರ ಹಳೆಯ ವಾದ್ಯಗಳ ಪಂಡಿತರೊಬ್ಬರು ಬಂದರು. ಇವತ್ತೊಂದು ದಿನ ಕಣ್ಣು ಮುಚ್ಚಬೇಡಿ ಎಂದು ಹೆಂಡತಿ ಹೇಳಿ ಕಳಿಸಿದ್ದಳು. ತಿದಿಯಪ್ಪ ತೊಡೆ ಚಿವುಟಿಕೊಂಡ, ಕಿವಿ ಹಿಂಡಿಕೊಂಡ. ಆದರೂ ಪ್ರಸಂಗದ ಜೊತೆಗೇ ಹಡಗು ಬಂದುಬಿಟ್ಟಿತು.

ಪಂಡಿತರಿಗೆ ಸುಮ್ಮನೆ ಕೂತು ಅಭ್ಯಾಸವಿಲ್ಲ. ಮರ ಎಂಥದ್ದೆಂದು ನೋಡಲು ಅದೇ ಹಲಗೆಯನ್ನು ಮೆಲ್ಲಗೆ ತಟ್ಟಿದರು. ತಿದಿಯಪ್ಪ ಧಡಕ್ಕನೆ ಎದ್ದು ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಒತ್ತತೊಡಗಿದ. ಇತ್ತ ಟೀಚರಮ್ಮ, ಗಾಳಿಯಿಲ್ಲದ ಆರ್ಗನ್ನು ಯಾರ ಗುಟ್ಟನ್ನೂ ಹೇಳದೆಂಬ ಧೈರ್ಯದಲ್ಲಿ, ವಾರವಾರದಂತೆ ಕೀಲಿಮಣೆಗೆ ಮೊಣಕೈಯೂರಿ ತೂಕಡಿಸುತ್ತಿದ್ದರು. ದೇವರು ಮೌನದಲ್ಲೇ ಮಾತಾಡುತ್ತಾನೆ ಎಂದು ಪಾದ್ರಿಗಳು ಹೇಳುವುದಕ್ಕೂ ನೆಗಡಿಯ ಕೊಳವೆಗಳೆಲ್ಲ ಒಟ್ಟಿಗೆ ಅರಚುವುದಕ್ಕೂ ಸರಿಹೋಯಿತು. ಮುಂದಿನ ಸಾಲಿನ ಅಜ್ಜಿಯೊಬ್ಬರು ಲೋಕದ ಕೊನೆಯ ದಿನವನ್ನು ನೋಡಲು ಕನ್ನಡಕ ಹುಡುಕಿದರು.

ಪ್ರಾರ್ಥನೆ ಮುಗಿದ ಮೇಲೆ ಎಲ್ಲರೂ ತಿದಿಯಪ್ಪನ ಮೇಲೆ ಮುಗಿಬಿದ್ದರು. ಖಜಾಂಚಿ ಮೋಟಾರನ್ನು ನಾಳೆಯೇ ತರಿಸೋಣ ಎಂದ. ತಾವು ಎಚ್ಚರವಾಗಿಯೇ ಇದ್ದುದಾಗಿ ಟೀಚರಮ್ಮ ಕೇಳದವರಿಗೂ ಹೇಳುತ್ತಿದ್ದರು. ಆ ಕತ್ತಲೆಯ ಗೂಡು ಹೋದರೆ ಇನ್ನೆಲ್ಲಿ ಮಲಗುವುದೆಂದು ತಿದಿಯಪ್ಪನಿಗೆ ನಿಜಕ್ಕೂ ಅಳು ಬಂತು.

ಪಂಡಿತರು ಮಾತ್ರ ಪುಳಕಗೊಂಡು ನಿಂತಿದ್ದರು.

"ಮೋಟಾರಿನ ಮಾತೇ ಎತ್ತಬೇಡಿ. ಮನುಷ್ಯ ಉಸಿರು ಕೊಡೋ ಇಂಥ ಆರ್ಗನ್ನು ಈಗ ಎಲ್ಲಿದೆ? ಇವರು ಇರೋವರೆಗೂ ಇವರೇ ಒತ್ತಲಿ."

ಪಾದ್ರಿಗಳು ಒಪ್ಪಿದರು, ಖಜಾಂಚಿಯೂ ಗೊಣಗುತ್ತಲೇ ಒಪ್ಪಿದ. ತಿದಿಯಪ್ಪ ಸಂತೋಷದಲ್ಲಿ ಪಂಡಿತರಿಗೆ ಕೈಮುಗಿದ.

"ಆದ್ರೆ ಇಂಥ ಚರಿತ್ರೆನ ಕತ್ತಲಲ್ಲಿ ಬಚ್ಚಿಡಬಾರದು," ಎಂದರು ಪಂಡಿತರು. "ಈ ಹಲಗೆ ತೆಗೆಸಿ ಗಾಜು ಹಾಕ್ಸಿ. ಒಳಗೊಂದು ದೊಡ್ಡ ದೀಪ ಇರ್ಲಿ. ಇವರು ಜನಕ್ಕೆ ಚೆನ್ನಾಗಿ ಕಾಣಿಸ್ಬೇಕು."

ಈಗ ಪ್ರಸಂಗ ಶುರುವಾದರೆ ಮಕ್ಕಳು ಗಾಜಿಗೆ ಮೂಗೊತ್ತಿ ನಿಲ್ಲುತ್ತಾರೆ. ದೊಡ್ಡವರೆಲ್ಲ ಎಂದಿನಂತೆ ತೂಕಡಿಸುತ್ತಾರೆ. ಅಷ್ಟು ದೊಡ್ಡವರಲ್ಲಿ ಎಚ್ಚರವಾಗಿ ಕೂತು ಪ್ರಸಂಗವನ್ನು ಪೂರ್ತಿ ಕೇಳುವವನು ತಿದಿಯಪ್ಪ ಒಬ್ಬನೇ.