ಬಟ್ಟೆ ಆನೆಗೆ ಚಕ್ಕುಬಂದಿ

ಸರ್ಕಾರಿ ಫಾರಂ ಎಂದರೆ ಜನ ಯಾಕೆ ಹೆದರುತ್ತಾರೋ ನನಗೆ ಯಾವತ್ತೂ ಅರ್ಥವಾಗಿರಲಿಲ್ಲ. ಪಹಣಿ, ಖಾತೆ, ಸರ್ವೆ ನಕಾಶೆಗಳ ನಡುವೆ ಮೂವತ್ತು ವರ್ಷ ಗುಮಾಸ್ತನಾಗಿ ಕೂತು ಶಿಕಾರಿಪುರದಲ್ಲೇ ನಿವೃತ್ತನಾದವನು ನಾನು. ಎಂಥ ಫಾರಂ ಬಂದರೂ ಯಾವ ಕಾಲಮ್ಮಿನಲ್ಲಿ ಏನು ಬೀಳಬೇಕು ಎಂಬುದು ನನ್ನ ಪೆನ್ನಿಗೇ ಗೊತ್ತಾಗುತ್ತಿತ್ತು. ಹಾಗೆಂದು ನಾನು ನಂಬಿದ್ದೆ. ನಂಬಿಕೆಗೆ ಕಂದಾಯ ಇಲ್ಲವಲ್ಲ!

ನನ್ನ ಹೆಂಡತಿ ಗಿರಿಜಾ ಬಟ್ಟೆ ಆನೆ ಹೊಲಿಯುತ್ತಾಳೆ. ಪಕ್ಕದ ಮನೆಯ ಟೈಲರ್ ಹಾಲೇಶನ ಹತ್ತಿರ ಉಳಿದ ತುಂಡು ಬಟ್ಟೆ ತಂದು, ಒಳಗೆ ಬೂರುಗದ ಹತ್ತಿ ತುಂಬಿ, ಎರಡು ಕರಿ ಗುಂಡಿಗಳನ್ನು ಕಣ್ಣಾಗಿಸಿ, ಗೇಣುದ್ದದ ಆನೆ ಮಾಡುತ್ತಾಳೆ. ಅದರ ಜೊತೆಗೆ ಅದೇ ಬಟ್ಟೆಯ ಕುಲಾವಿ, ಅಂದರೆ ಕೂಸಿನ ಗದ್ದದ ಕೆಳಗೆ ಲಾಡಿ ಕಟ್ಟುವ ಟೋಪಿ. ಹೊಸ ಬಟ್ಟೆ ಎಳೆಗೂಸಿಗೆ ಚುಚ್ಚುತ್ತದೆಂದು ಒಳಗಡೆ ಹಳೆ ಹತ್ತಿ ಸೀರೆಯ ಪದರ ಇಡುತ್ತಾಳೆ. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಕುಲಾವಿ ತರಬೇಕು ಎಂಬುದು ಪದ್ಧತಿ. ಗಿರಿಜಾಳ ಕುಲಾವಿ ತಂದ ಸೋದರತ್ತೆಗೆ ತೊಟ್ಟಿಲ ಬಳಿ ಮರ್ಯಾದೆ ಒಂದು ತೂಕ ಹೆಚ್ಚು.

ಇಷ್ಟು ವರ್ಷ ಇದೆಲ್ಲ ಬೀದಿಯವರಿಗೆ, ಬಂಧುಗಳಿಗೆ ಮಾತ್ರ ಇತ್ತು. ಈ ವರ್ಷ ಮೊದಲ ಸಲ ಒಂದು ಅಂಗಡಿಯಿಂದ ಬೇಡಿಕೆ ಬಂತು. ಸೊರಬದ ಬಸ್ ಸ್ಟ್ಯಾಂಡ್ ಹತ್ತಿರ ಮಕ್ಕಳ ಬಟ್ಟೆ ಅಂಗಡಿ ಇಟ್ಟಿರುವ ಮಂಜಪ್ಪ ನಲವತ್ತು ಜೊತೆ ಕೇಳಿದ. ಚಂದ್ರಗುತ್ತಿ ದೇವಸ್ಥಾನಕ್ಕೆ ಹೋಗಿಬರುವವರು ಮಕ್ಕಳಿಗೆಂದು ಕೊಳ್ಳುತ್ತಾರಂತೆ. ಗಿರಿಜಾ ಎರಡು ತಿಂಗಳು ಕೂತು ಹೊಲಿದಳು. ನಾನು ಚೀಲಕ್ಕೆ ತುಂಬಿ ಬಸ್ಸಿಗೆ ಹಾಕಿ ಬಂದೆ.

ಮೂರನೇ ದಿನ ಅದೇ ಬಸ್ಸಿನಲ್ಲಿ ಚೀಲ ವಾಪಸ್ ಬಂತು. ಹಿಂದೆಯೇ ಮಂಜಪ್ಪನ ಫೋನು.

"ಬೇಜಾರು ಮಾಡ್ಕೋಬೇಡಿ ಮಾರಾಯ್ರೆ. ಈಗ ಆಟದ ಸಾಮಾನಿಗೆಲ್ಲ ಸುರಕ್ಷತೆ ಮಾರ್ಕು ಬೇಕಂತೆ. ಮಾರ್ಕಿಲ್ಲದ್ದು ಇಟ್ಕಂಡ್ರೆ ನನ್ನ ಮೇಲೆ ಕೇಸು. ಆನೆ ಇಲ್ದೆ ಬರೀ ಕುಲಾವಿ ಯಾರೂ ತಗಳಲ್ಲ. ನಿಮ್ಮನೆಯವರ ಕೆಲಸ ಚೆಂದ ಇದೆ, ಇಲ್ಲ ಅನ್ನಲ್ಲ. ದೀಪಾವಳಿ ತನಕ ಕಾಯ್ತೀನಿ. ಆಮೇಲೆ ಪ್ಲಾಸ್ಟಿಕ್ ಆನೆ ತರಿಸೋದೇ ಸೈ."

ಗಿರಿಜಾ ಚೀಲದ ಬಾಯಿ ಬಿಚ್ಚಿ ಒಂದೊಂದೇ ಆನೆಯನ್ನು ತೆಗೆದು ಜಗಲಿಯ ಮೇಲೆ ಸಾಲಾಗಿ ನಿಲ್ಲಿಸಿದಳು. ಬೆನ್ನುನೋವಿಗೆ ಎಣ್ಣೆ ತಿಕ್ಕಿಸಿಕೊಂಡು ಅವಳು ಹೊಲಿದದ್ದನ್ನು ಕಣ್ಣಾರೆ ಕಂಡವನು ನಾನೇ. ಅವಳ ಕೆಲಸ ಊರಾಚೆಯ ಅಂಗಡಿಯಲ್ಲಿ ಕೂರಬೇಕೆಂಬ ಆಸೆ ಅವಳಿಗೆ ಎಷ್ಟಿತ್ತು ಎಂಬುದು ಅವತ್ತು ಗೊತ್ತಾಯಿತು.

"ಚಿಂತೆ ಮಾಡಬೇಡ. ಮಾರ್ಕು ತಾನೇ? ನಾನಿದ್ದೀನಲ್ಲ!" ಎಂದೆ.

"ಅದೇ ಚಿಂತಿ ಆಗೈತ್ರೀ ನನಗ," ಎಂದಳು.

ಮರುದಿನವೇ ಸೈಬರ್ ಸೆಂಟರಿಗೆ ಹೋಗಿ ಫಾರಂ ತೆಗೆಸಿಕೊಂಡು ಬಂದೆ. ಹದಿನಾಲ್ಕು ಪುಟ! ನಿವೃತ್ತನಾದ ಮೇಲೆ ಇಷ್ಟು ದಪ್ಪನೆಯ ಫಾರಂ ನನ್ನ ಕೈಗೆ ಬಂದಿರಲಿಲ್ಲ. ಕೈಕಾಲು ತೊಳೆದು, ವಿಭೂತಿ ಹಚ್ಚಿ, ಕನ್ನಡಕ ಒರೆಸಿ ಮೇಜಿನ ಮುಂದೆ ಕೂತೆ.

ಮೊದಲ ಕಾಲಮ್ಮು, ವಸ್ತುವಿನ ಪೂರ್ಣ ವಿವರ. ಪೂರ್ಣ ವಿವರ ಎಂದರೆ ನನ್ನ ಅನುಭವದಲ್ಲಿ ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ. ಅದಿಲ್ಲದ ಆಸ್ತಿ ಆಸ್ತಿಯೇ ಅಲ್ಲ. ಬರೆದೆ: "ಸದರಿ ಆನೆಗೆ ಪೂರ್ವಕ್ಕೆ ಸೊಂಡಿಲು, ಪಶ್ಚಿಮಕ್ಕೆ ಬಾಲ, ಉತ್ತರಕ್ಕೆ ಎಡಗಿವಿ, ದಕ್ಷಿಣಕ್ಕೆ ಬಲಗಿವಿ. ಈ ಮಧ್ಯೆ ಇರುವ ಹೊಟ್ಟೆಯು ಖುಷ್ಕಿ." ಒಳಗಿದ್ದದ್ದು ಒಣಹತ್ತಿ. ಅದನ್ನು ನೀರಾವರಿ ಎಂದು ಬರೆಯಲು ಮನಸ್ಸು ಒಪ್ಪಲಿಲ್ಲ. ಬಾಲದ ತುದಿಗೆ ಹತ್ತಿ ತಲುಪಿರಲಿಲ್ಲವಾದ್ದರಿಂದ ಅಷ್ಟು ಭಾಗವನ್ನು ಉಳುಮೆಗೆ ಬಾರದ ಖರಾಬು ಎಂದು ತೋರಿಸಿದೆ. ಕಚ್ಚಾ ಸಾಮಗ್ರಿ ಹೇಗೆ ಬಂತು ಎಂದು ಕೇಳಿದ್ದರು. ಕುಲಾವಿಯ ಒಳಪದರ ನನ್ನ ತಾಯಿಯ ಹಳೆ ಸೀರೆಯದು. "ಪಿತ್ರಾರ್ಜಿತ" ಎಂದು ಬರೆದೆ.

ಆರನೇ ಪುಟದಲ್ಲಿ ಒಂದು ಪ್ರಶ್ನೆ ಇತ್ತು. ತಯಾರಿಕೆ ಎಲ್ಲಿ ನಡೆಯುತ್ತದೆ? ಮುಂದೆ ಎರಡು ಚೌಕ. ಒಂದು "ಮನೆಯಲ್ಲಿ, ಕೈಕಸುಬಿನಿಂದ". ಇನ್ನೊಂದು "ಕಾರ್ಖಾನೆಯಲ್ಲಿ". ಓದುಗರೇ, ನನ್ನ ಸರ್ವನಾಶ ಆ ಎರಡನೇ ಚೌಕದೊಳಗೆ ಕೂತು ನನ್ನನ್ನೇ ಕಾಯುತ್ತಿತ್ತು. ಮನೆ, ಕೈಕಸುಬು ಎಂದೆಲ್ಲ ಬರೆದರೆ ಯಾರು ಬೆಲೆ ಕೊಡುತ್ತಾರೆ? ತೂಕ ಬೇಕು! ಎರಡನೇ ಚೌಕಕ್ಕೆ ದಪ್ಪಗೆ ಟಿಕ್ ಹಾಕಿದೆ. ಆಮೇಲೆ ಪೆನ್ನು ನಿಲ್ಲಲಿಲ್ಲ. ಸಂಸ್ಥೆಯ ಹೆಸರು, ಗಿರಿಜಾ ಗಜ ಕಾರ್ಖಾನೆ. ಮ್ಯಾನೇಜರು, ನಾನು. ಸ್ವಂತ ಪ್ರಯೋಗಾಲಯ ಇದೆಯೇ? ಇದೆ. ಮುಖ್ಯ ಪರೀಕ್ಷಕರು? ನಾನು. ಕಾರ್ಮಿಕರು? ಒಬ್ಬರು.

ಗಿರಿಜಾ ಹಿಂದಿನಿಂದ ಬಗ್ಗಿ ಓದಿದಳು.

"ಅಲ್ರೀ, ಈ ಕಾರ್ಮಿಕರು ಅಂದ್ರ ಯಾರು?"

"ನೀನೇ."

"ನೀವು?"

"ಮ್ಯಾನೇಜರು."

ಅವಳು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. "ಮ್ಯಾನೇಜರ್ ಸಾಹೇಬ್ರ, ಸಾರಿಗೆ ಒಗ್ಗರಣಿ ಹಾಕಬೇಕು. ಹಿತ್ತಲಿಗೆ ಹೋಗಿ ನಾಕು ಎಸಳು ಕರಿಬೇವು ತಗೊಂಡು ಬರ್ರಿ."

ಅರ್ಜಿ ಹೋಯಿತು. ಪ್ರಯೋಗಾಲಯ ಇದೆ ಎಂದು ಬರೆದ ಮೇಲೆ ಇರಬೇಕಲ್ಲ! ಬಚ್ಚಲುಮನೆಯನ್ನೇ ಆ ಹುದ್ದೆಗೆ ಬಡ್ತಿ ಕೊಟ್ಟೆ. ನಿಯಮಗಳ ಕಟ್ಟನ್ನು ಮುದ್ರಿಸಿಕೊಂಡು ಹಾಲೇಶನ ಅಂಗಡಿಯಲ್ಲಿ ಕೂತು ಗಟ್ಟಿಯಾಗಿ ಓದಿದೆ. ಮಕ್ಕಳ ಉಡುಪಿನ ಪುಟದಲ್ಲಿ ಕುತ್ತಿಗೆಯ ಬಳಿ ಲಾಡಿ ಇದ್ದರೆ ಅಪಾಯ ಎಂದಿತ್ತು. ನಮ್ಮ ನಲವತ್ತು ಕುಲಾವಿಗೂ ಲಾಡಿ!

"ಹಾಲೇಶ, ಕತ್ತರಿ ಕೊಡು."

"ಗಿರಿಜಕ್ಕಾರನ್ನ ಒಂದ್ ಮಾತು ಕೇಳ್ರಿ ಸರ."

"ನಿಯಮಕ್ಕೆ ಅಕ್ಕನೂ ಇಲ್ಲ, ಅಣ್ಣನೂ ಇಲ್ಲ," ಎಂದು ಹೇಳಿ, ಕತ್ತರಿ ಹಿಡಿದು ಮನೆಗೆ ಬಂದು ಎಂಬತ್ತು ಲಾಡಿಗಳನ್ನೂ ಬೆರಳುದ್ದಕ್ಕೆ ಕತ್ತರಿಸಿ ಹಾಕಿದೆ.

ಗಿರಿಜಾ ಬಂದವಳು ಒಂದು ಕುಲಾವಿ ಎತ್ತಿಕೊಂಡು ತೆಂಗಿನಕಾಯಿಗೆ ತೊಡಿಸಿದಳು. ಜಾರಿ ಬಿತ್ತು. ಇನ್ನೊಂದನ್ನು ತೊಡಿಸಿದಳು. ಅದೂ ಬಿತ್ತು.

"ಕೂಸಿನ ತಲಿ ಮ್ಯಾಲ ಇದು ಹೆಂಗ ನಿಲ್ಲತೈತ್ರೀ? ಗೋಂದು ಹಚ್ಚೂದಾ?"

ಪುಟ ತಿರುಗಿಸಿ ನೋಡಿದೆ. ಗೇಣಿಗಿಂತ ಕಡಿಮೆ ಇದ್ದು, ಗಟ್ಟಿಯಾಗಿ ಹೊಲಿದ ಲಾಡಿಗೆ ಅಡ್ಡಿಯಿಲ್ಲ ಎಂದು ಹಿಂಬದಿಯಲ್ಲಿತ್ತು. ನಮ್ಮವು ಗೇಣಿಗಿಂತ ಕಡಿಮೆಯೇ ಇದ್ದವು. ಪುಟಕ್ಕೆ ಹಿಂಬದಿ ಇರುತ್ತದೆ ಎಂಬುದನ್ನು ಮೂವತ್ತು ವರ್ಷದ ಅನುಭವಿ ಮರೆತಿದ್ದ! ಗಿರಿಜಾ ಕತ್ತರಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು.

ಆದರೆ ಬಚ್ಚಲುಮನೆಗೆ ಬೀಗ ಇರಲಿಲ್ಲ. ಮೊದಲು ಕಣ್ಣಿನ ಪರೀಕ್ಷೆ. ಎಳೆದರೆ ಗುಂಡಿ ಕಿತ್ತು ಬರಬಾರದು, ಬಂದರೆ ಮಗು ನುಂಗುತ್ತದೆ. ಒಂದು ಆನೆಯನ್ನು ತೊಲೆಯ ಮೊಳೆಗೆ ನೇತುಹಾಕಿ, ಕಣ್ಣಿಗೆ ಹುರಿ ಕಟ್ಟಿ, ಹುರಿಗೆ ನೀರು ತುಂಬಿದ ತಾಮ್ರದ ಕೊಡ ಕಟ್ಟಿದೆ. ಗುಂಡಿ ಅಲ್ಲಾಡಲಿಲ್ಲ. ಮೊಳೆ ಬಂತು! ಕೊಡ ನನ್ನ ಎಡಗಾಲ ಹೆಬ್ಬೆರಳ ಮೇಲೆ ಇಳಿಯಿತು. ಆನೆ ಮಾತ್ರ ಕೊಡದ ಕೆಳಗಿನಿಂದ ಎರಡೂ ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿತ್ತು.

ಮರುದಿನ ಬೆಂಕಿ ಪರೀಕ್ಷೆ. ಕಿಡಿ ತಗುಲಿದರೆ ಆಟಿಕೆ ಭಗ್ಗನೆ ಹೊತ್ತಿಕೊಳ್ಳಬಾರದಂತೆ. ಹಂಡೆ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದು ಆನೆಯ ಬಾಲಕ್ಕೆ ಕೊಳ್ಳಿ ಹಿಡಿದೆ. ಬಾಲ ಮೆಲ್ಲಗೆ ಹೊಗೆಯಾಡಿತು. ಸಂತೋಷದಿಂದ ಫಲಿತಾಂಶ ಬರೆದುಕೊಳ್ಳುತ್ತಿದ್ದೆ. ಹೊಗೆ ಜಾಸ್ತಿಯಾಯಿತು. ಉರಿಯುತ್ತಿದ್ದದ್ದು ನನ್ನ ಪಂಚೆ! ಕೂಗು ಕೇಳಿ ಓಡಿಬಂದ ಗಿರಿಜಾ ಅದೇ ತಾಮ್ರದ ಕೊಡ ಎತ್ತಿ ನನ್ನ ಮೇಲೆ ಸುರಿದಳು. ಕೈಯಲ್ಲಿದ್ದ ಆನೆಯೂ ನಿಯಮಗಳ ಕಟ್ಟೂ ನೆಂದು ಮುದ್ದೆಯಾದವು.

"ಆನಿ ಪಾಸಾತೇನ್ರೀ?" ಎಂದಳು.

"ಪಾಸು."

"ನೀವು?"

ನಾನು ಸುಟ್ಟ ಪಂಚೆ ಹಿಂಡತೊಡಗಿದೆ.

ಹೀಗಿರುವಾಗ ಶಿವಮೊಗ್ಗದಿಂದ ಅಧಿಕಾರಿಯೊಬ್ಬರು ಕಾರ್ಖಾನೆ ನೋಡಲು ಬಂದೇಬಿಟ್ಟರು. ನಡುವಯಸ್ಸಿನ ಹೆಂಗಸು, ಕೈಯಲ್ಲಿ ನನ್ನ ಅರ್ಜಿ. ಕುಂಟುತ್ತಲೇ ಹೋಗಿ ಸ್ವಾಗತಿಸಿದೆ.

"ಈ ಖುಷ್ಕಿ, ಖರಾಬು ಎಲ್ಲ ಬರೆದವರು ಯಾರು?" ಎಂದು ಕೇಳಿದರು.

"ನಾನೇ ಮೇಡಂ," ಎಂದೆ ವಿನಯದಿಂದ.

"ನಮ್ಮ ಕಚೇರಿಯಲ್ಲಿ ಎಲ್ಲರೂ ಓದಿದೆವು. ಕಾರ್ಖಾನೆ ಎಲ್ಲಿದೆ?"

ಜಗಲಿ ತೋರಿಸಿದೆ. ಪ್ರಯೋಗಾಲಯ ಎಂದರು. ಬಚ್ಚಲು ತೋರಿಸಿದೆ. ಒಳಗೆ ಗಿರಿಜಾ ಅವತ್ತು ಸೀಗೆಪುಡಿ, ಸೋಪು, ಒಗೆಯುವ ಬಟ್ಟೆ ಎಲ್ಲ ಹರಡಿದ್ದಳು. ಅಧಿಕಾರಿಯ ಹುಬ್ಬು ಮೇಲೇರಿತು. ಪರಿಸ್ಥಿತಿ ಕೈಜಾರುತ್ತಿದೆ ಎಂದು ನನಗೆ ಹೊಳೆಯಿತು. ಕಣ್ಣೆದುರೇ ಒಂದು ಪರೀಕ್ಷೆ ಮಾಡಿ ತೋರಿಸಿದರೆ?

"ಮೇಡಂ, ಕಚ್ಚುವ ಪರೀಕ್ಷೆ ನೋಡಿ. ಮಗು ಕಚ್ಚಿ ಎಳೆದರೂ ಕಿವಿ ಕೀಳುವುದಿಲ್ಲ!" ಎಂದು ಹೇಳಿ, ಒಂದು ಆನೆ ಎತ್ತಿ ಕಿವಿಯನ್ನು ಬಲವಾಗಿ ಕಚ್ಚಿ ಎಳೆದೆ.

ಕಿವಿ ಕೀಳಲಿಲ್ಲ. ನನ್ನ ಹಲ್ಲಿನ ಸೆಟ್ಟು ಕಿತ್ತು ಬಂತು.

ಮೇಲಿನ ಸಾಲು ಪೂರ್ತಿ ಆನೆಯ ಕಿವಿಯಲ್ಲೇ ಉಳಿಯಿತು. ಕಾಂಪೌಂಡಿನ ಮೇಲಿಂದ ಹಾಲೇಶನ ದನಿ ಕೇಳಿಸಿತು. "ಸರ, ಆನಿಗೆ ದಂತ ಬಂತ್ರೀ!"

ಅಧಿಕಾರಿ ಅರ್ಜಿಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡರು. ಅರ್ಜಿ ಬಹಳ ಹೊತ್ತು ಅಲುಗಾಡುತ್ತಿತ್ತು. ಕಣ್ಣೊರೆಸಿಕೊಂಡು ಗಂಭೀರವಾಗಿ ಹೇಳಿದರು, "ಕಾರ್ಖಾನೆ ಎಂದು ಬರೆದಿದ್ದೀರಿ. ಕಾರ್ಖಾನೆಗೆ ನಿಜವಾದ ಪ್ರಯೋಗಾಲಯ ಬೇಕು, ಯಂತ್ರ ಬೇಕು, ಓದಿದ ಪರೀಕ್ಷಕರು ಬೇಕು. ಇದಕ್ಕೆ ಮಾರ್ಕು ಕೊಡಲು ಸಾಧ್ಯವೇ ಇಲ್ಲ."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ಗಿರಿಜಾಳ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಅವಳು ಬಾಗಿಲ ಬಳಿಯಿಂದ ಮುಂದೆ ಬಂದಳು.

"ಮೇಡಂ, ಕಾರ್ಖಾನಿ ಗೀರ್ಖಾನಿ ಏನೂ ಇಲ್ರಿ. ನಾನೊಬ್ಬಾಕಿ ಕೈಲೆ ಹೊಲಿಯೋದು." ಅಲ್ಲೇ ಕೂತು ಸೂಜಿಗೆ ದಾರ ಪೋಣಿಸಿ, ಅರ್ಧ ಹೊಲಿದಿದ್ದ ಒಂದು ಆನೆಗೆ ಕಣ್ಣು ಕೂರಿಸಿ ಕೊಟ್ಟಳು. ಅಧಿಕಾರಿ ಉಗುರು ಹಾಕಿ ಎಳೆದರು. ಎರಡೂ ಕೈಯಲ್ಲಿ ಎಳೆದರು. ಕಣ್ಣು ಮಿಸುಕಲಿಲ್ಲ.

"ಇಷ್ಟು ಗಟ್ಟಿ ಹೇಗಮ್ಮ?"

"ಕೂಸಿನ ಬಾಯಿಗೆ ಹೋಗೋದಲ್ರಿ ಮೇಡಂ. ನಾಕು ಎಳಿ ದಾರ ಹಾಕಿ ಒಳಗಿಂದ ಗಂಟು ಬಿಗೀತೀನಿ. ಮಾರ್ಕು ಕೇಳೋಕಿಂತ ಮೊದ್ಲಿಂದಾನೂ ಹಿಂಗ."

ಅಧಿಕಾರಿ ನನ್ನ ಕಡೆ ತಿರುಗಿದರು. "ಕೈಕಸುಬಿನವರಿಗೆ ಗುರುತಿನ ಚೀಟಿ ಕೊಡುತ್ತಾರೆ. ಅದಿದ್ದರೆ ಈ ಮಾರ್ಕೇ ಬೇಡ, ವಿನಾಯಿತಿ ಇದೆ. ಆರನೇ ಪುಟದಲ್ಲಿ ಮೊದಲನೇ ಚೌಕ ನೀವು ನೋಡಲಿಲ್ಲವೇ?"

ನೋಡಿದ್ದೆ. ಹಲ್ಲಿಲ್ಲದ ಬಾಯಲ್ಲಿ ಹಾಗೆಂದು ಹೇಳಲು ಆಗಲಿಲ್ಲ.

"ಆದರೆ ಒಂದು ತೊಡಕಿದೆ," ಎಂದರು. "ಚೀಟಿ ಸಿಗಬೇಕಾದರೆ ಇವರೊಬ್ಬರೇ ಮಾಡುತ್ತಾರೆ ಎಂದಿರಬೇಕು. ಅರ್ಜಿಯಲ್ಲಿ ಮ್ಯಾನೇಜರು, ಮುಖ್ಯ ಪರೀಕ್ಷಕರು ಎಂದೆಲ್ಲ ಇದ್ದಾರಲ್ಲ. ಯಾರವರು?"

ಗಿರಿಜಾ ನನ್ನ ಕಡೆ ನೋಡಿ ಒಂದು ಕ್ಷಣ ಯೋಚಿಸಿದಳು. "ಅವ್ರಾ? ಅವ್ರು ಮನ್ಯಾಗ ಇರ್ತಾರ್ರಿ."

ಕೊನೆಗೆ ತೀರ್ಮಾನವಾದದ್ದು ಇಷ್ಟು. ಹಳೆ ಅರ್ಜಿ ವಾಪಸ್, ಗಿರಿಜಾಳ ಹೆಸರಿನಲ್ಲಿ ಹೊಸ ಅರ್ಜಿ, ಜೊತೆಗೆ ಈ ಕೆಲಸಕ್ಕೂ ನನಗೂ ಸಂಬಂಧವಿಲ್ಲ ಎಂದು ನನ್ನದೇ ಪ್ರಮಾಣಪತ್ರ. ಚೀಟಿ ದೀಪಾವಳಿಗೆ ಒಂದು ವಾರ ಮೊದಲೇ ಬಂತು. ಪ್ರಯೋಗಾಲಯದಲ್ಲಿ ಗಾಯಗೊಂಡ ಮೂರನ್ನು ಬಿಟ್ಟು ಮೂವತ್ತೇಳು ಆನೆಗಳು ಕುಲಾವಿ ಸಮೇತ ಸೊರಬದ ಬಸ್ಸು ಹತ್ತಿದವು. ಮಂಜಪ್ಪ ಗಾಜಿನ ಕಪಾಟಿನಲ್ಲೇ ಇಟ್ಟನಂತೆ. ಫೋಟೋ ಕಳಿಸಿದ. ಗಿರಿಜಾ ಆ ಫೋಟೋವನ್ನು ಬೀದಿಯವರಿಗೆಲ್ಲ ತೋರಿಸಿದಳು, ನನಗೂ ಎರಡು ಸಲ ತೋರಿಸಿದಳು. ಅವಳ ಆ ಸಂಭ್ರಮ ನೋಡಿ ನನಗೆ ನಿಜಕ್ಕೂ ಖುಷಿಯಾಯಿತು. ಕುಲಾವಿಗಳಿಗೆ ಮತ್ತೆ ಲಾಡಿ ಹೊಲಿಯುವ ದಿನ ಸೂಜಿಗೆ ದಾರ ಪೋಣಿಸಿಕೊಡಲು ನಾನು ಕೈ ಚಾಚಿದ್ದೆ. "ಪ್ರಮಾಣ ಮಾಡೀರಿ, ನೆನಪೈತಿಲ್ಲೋ?" ಎಂದು ಸೂಜಿ ಕಿತ್ತುಕೊಂಡಿದ್ದಳು.

ಆ ಪ್ರಮಾಣಪತ್ರವನ್ನು ಮಾತ್ರ ನಾನು ಬಹಳ ಚೆನ್ನಾಗಿ ಬರೆದಿದ್ದೆ. "ಸದರಿ ಆನೆಗಳ ತಯಾರಿಕೆಯಲ್ಲಿ ನನ್ನ ಹಕ್ಕು, ಕೈವಾಡ, ತಿಳಿವಳಿಕೆ ಅಥವಾ ಉಪಯೋಗ ಯಾವುದೂ ಇರುವುದಿಲ್ಲ. ಹಿಂದೆಯೂ ಇರಲಿಲ್ಲ. ಮುಂದೆಯೂ ಇರತಕ್ಕದ್ದಲ್ಲ." ಅಧಿಕಾರಿ ಒಂದೇ ಸಲ ಓದಿ, ಒಂದಕ್ಷರವನ್ನೂ ತಿದ್ದದೆ ಒಪ್ಪಿಕೊಂಡರು. ಇದು ನಿಜ ಎಂದು ಹೇಳಲು ಇಬ್ಬರು ಸಾಕ್ಷಿಗಳ ಸಹಿ ಬೇಕು ಎಂದರು, ಅಷ್ಟೇ.

ಇಬ್ಬರು ಸಾಕಿತ್ತು. ನಮ್ಮ ಬೀದಿಯ ಹನ್ನೊಂದು ಮಂದಿ ಸಾಲಾಗಿ ನಿಂತು ಸಹಿ ಹಾಕಿದರು. ಮೊದಲ ಸಹಿ ಹಾಲೇಶನದು. ಪೆನ್ನನ್ನೂ ಅವನೇ ತಂದಿದ್ದ.